ತುಂಗೆಯ ಪಟ್ಟೆ ಮೀನು

ಗೋವಿಂದರಾಜನಗರದ ನಮ್ಮ ಮನೆಯ ಅಕ್ವೇರಿಯಂನಲ್ಲಿ ಜೀಬ್ರಾ ಲೋಚ್ ಮೀನು ಒಂದೇ ಇತ್ತು. ಜೊತೆಗಿರಲೆಂದು ಹಾವಿನಂತೆ ಬಳುಕುವ ಐದು ಕುಹ್ಲಿ ಲೋಚ್ ತಂದೆ. ಆದರೂ ಜೀಬ್ರಾ ಮಡಕೆಚೂರಿನಡಿಯಿಂದ ಹೊರಬರಲಿಲ್ಲ; ಆಹಾರವನ್ನೂ ಮುಟ್ಟಲಿಲ್ಲ.

"ಅಪ್ಪಾ, ಅದಕ್ಕೆ ಅದರಂಥವೇ ಬೇಕೇನೋ" ಎಂದಳು ಮಗಳು.

ನಿಜ. ನುಣುಪು ಮರಳು, ಅಡಗುತಾಣಗಳಿದ್ದರೆ ಈ ಎರಡು ಬಗೆಯ ಲೋಚ್‌ಗಳನ್ನು ಒಟ್ಟಿಗೆ ಸಾಕಬಹುದು. ಆದರೆ ಪ್ರತಿ ಬಗೆಯಲ್ಲೂ ಐದಾರು ಇರಬೇಕು.

ಜೀಬ್ರಾ ನಮ್ಮ ನಾಡಿನದೇ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್ 1920ರಲ್ಲಿ ಶಿವಮೊಗ್ಗದ ತುಂಗೆಯ ಈ ಮೀನಿಗೆ 'ಬೋಟಿಯಾ ಸ್ಟ್ರಿಯಾಟಾ' ಎಂದು ಹೆಸರಿಟ್ಟರು. ಈಗದು ಅಳಿವಿನಂಚಿನಲ್ಲಿದೆ. ಹಾಗಾಗಿ ಇನ್ನೈದು ಕೊಳ್ಳಲು ಮನಸ್ಸಾಗಲಿಲ್ಲ. ಆರು ಜೀಬ್ರಾ ಸಾಕಿರುವ ಗೆಳೆಯನಿಗೇ ನಮ್ಮದನ್ನು ಕೊಟ್ಟೆವು.

ಮೂರನೇ ದಿನ ಅವನ ಫೋನ್: "ಏಳೂ ಒಟ್ಟಿಗೇ ಓಡಾಡ್ತಿವೆ. ನಿಮ್ಮದು ಯಾವುದು ಅಂತಲೇ ಗೊತ್ತಾಗ್ತಿಲ್ಲ!"

ಮಗಳು ಕಣ್ಣೊರೆಸಿಕೊಂಡು ನಕ್ಕಳು.