ಎಣ್ಣೆಗೆ ಇಳಿಯುವ ಗುಣ: ಬಳ್ಳಾರಿ ಸೀಮೆಯ ಅಡುಗೆಮನೆ, ಭಂಗಿ ಮತ್ತು ‘ಸೊಪ್ಪು’ ಎಂಬ ಪದ

ಬಳ್ಳಾರಿ ನಗರದ ಬೆಳಗಿನ ಹೋಟೆಲುಗಳಲ್ಲಿ ‘ಒಗ್ಗರಣೆ ಮಿರ್ಚಿ’ ಎಂದರೆ ಸಾಕು, ನೆನೆಸಿ ಹಿಂಡಿದ ಮಂಡಕ್ಕಿಗೆ ಎಣ್ಣೆ, ಸಾಸಿವೆ, ಮೆಣಸಿನಕಾಯಿ, ಕರಿಬೇವು ಬೆರೆತ ತಿನಿಸು ತಟ್ಟೆಗೆ ಬರುತ್ತದೆ. ಇದೇ ತಿನಿಸಿಗೆ ತೆಲುಗು ಮಾತಾಡುವವರಲ್ಲಿ ಉಗ್ಗಾಣಿ ಎಂಬ ಹೆಸರಿದೆ. ಅಡುಗೆಯ ಒಂದು ಕ್ರಿಯೆಯ ಹೆಸರೇ ಅಡುಗೆಯ ಹೆಸರಾಗಿ ನಿಂತಿರುವುದು ಗಮನಾರ್ಹ. ಕಾದ ಎಣ್ಣೆಗೆ ಸಾಂಬಾರ ಪದಾರ್ಥಗಳನ್ನು ಹಾಕಿ, ಅವುಗಳ ವಾಸನೆ, ಬಣ್ಣ, ಖಾರಗಳನ್ನು ಎಣ್ಣೆಗೆ ಇಳಿಸಿ, ಆ ಎಣ್ಣೆಯ ಮೂಲಕ ಇಡೀ ಪಾತ್ರೆಗೆ ಹರಡುವುದೇ ಒಗ್ಗರಣೆ. ನೀರಿನಲ್ಲಿ ಎಷ್ಟು ಕುದಿಸಿದರೂ ಬಾರದ ಗುಣಗಳು ಎಣ್ಣೆಯಲ್ಲಿ ಕ್ಷಣಮಾತ್ರದಲ್ಲಿ ಬರುತ್ತವೆ. ಕುರುಗೋಡಿನ ಎರೆಹೊಲಗಳಲ್ಲಿ ಬೆಳೆಯುವ ಮೆಣಸಿನಕಾಯಿಯ ಕೆಂಪು ಬಣ್ಣ ಮತ್ತು ಖಾರ ಎರಡೂ ಕೊಬ್ಬಿನಲ್ಲಿ ಕರಗುವಂಥವು. ಸಾರಿನ ಮೇಲೆ ತೇಲುವ ಕೆಂಪನೆಯ ಎಣ್ಣೆಯ ಪದರವೇ ಇದಕ್ಕೆ ಸಾಕ್ಷಿ.

ಈ ಸಾಮಾನ್ಯ ಜ್ಞಾನದ ಅಂಚಿನಲ್ಲಿ, ಬಹುಮಟ್ಟಿಗೆ ಗುಟ್ಟಾಗಿ ಉಳಿದಿರುವ ಇನ್ನೊಂದು ಪಾಕವಿದೆ. ಭಂಗಿ ಅಥವಾ ಗಾಂಜಾವನ್ನು ಅಡುಗೆಯ ಕೊಬ್ಬಿನಲ್ಲಿ ಕಾಸಿ, ಸೋಸಿ, ತಿನ್ನುವ ಪದಾರ್ಥಕ್ಕೆ ಬೆರೆಸುವುದು ಆ ಪಾಕ. ಹಿಂದೆ ತುಪ್ಪದಲ್ಲಿ ನಡೆಯುತ್ತಿದ್ದ ಈ ಕ್ರಮವನ್ನು ಈಗ ಹೈನು ಪದಾರ್ಥ ಬಿಟ್ಟವರು ಕೊಬ್ಬರಿ ಎಣ್ಣೆ ಮೊದಲಾದ ಸಸ್ಯಜನ್ಯ ಕೊಬ್ಬುಗಳಲ್ಲಿ ಮಾಡುತ್ತಾರೆ. ಇದು ಹೊರಗಿನಿಂದ ಬಂದ ಹೊಸ ಚಾಳಿಯೆಂದು ಭಾವಿಸುವುದು ವಾಡಿಕೆ. ಆದರೆ ಇದರ ಹಿಂದಿರುವ ತಿಳಿವಳಿಕೆ ಹಳೆಯದು, ಅದನ್ನು ಹೇಳಲು ಬೇಕಾದ ಕನ್ನಡವೂ ಇದೆ. ಆ ಕನ್ನಡ ಎಲ್ಲಿ ಸ್ಪಷ್ಟವಾಗಿದೆ, ಎಲ್ಲಿ ಮಸುಕಾಗಿದೆ ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ವಿಷವನ್ನು ವಿವರಿಸುವುದು ವಿಷವನ್ನು ಬಡಿಸಿದಂತಲ್ಲ ಎಂಬ ವಿವೇಕ ಕನ್ನಡ ಶಾಸ್ತ್ರಸಾಹಿತ್ಯಕ್ಕೆ ಹೊಸದೇನಲ್ಲ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇಡಿಯಾಗಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತ ಗ್ರಂಥ.

ಮೊದಲು ಕೊಬ್ಬಿನ ಮಾತು. ಆಯುರ್ವೇದದಲ್ಲಿ ಕೊಬ್ಬಿಗೆ ‘ಸ್ನೇಹ’ ಎಂಬ ಹೆಸರು. ಘೃತ, ತೈಲ, ವಸಾ, ಮಜ್ಜಾ ಎಂಬ ನಾಲ್ಕು ಸ್ನೇಹಗಳಲ್ಲಿ ತೈಲವೊಂದೇ ಸಸ್ಯಮೂಲದ್ದು. ಗಿಡಮೂಲಿಕೆಯ ಗುಣವನ್ನು ಸ್ನೇಹಕ್ಕೆ ಇಳಿಸುವ ವಿಧಾನವನ್ನು ಶಾರ್ಙ್ಗಧರ ಸಂಹಿತೆ ಸ್ನೇಹಪಾಕವೆಂದು ಕರೆದು ಪ್ರಮಾಣಸಹಿತ ವಿವರಿಸುತ್ತದೆ. ಅರೆದ ಮೂಲಿಕೆ ಒಂದು ಪಾಲು, ಸ್ನೇಹ ನಾಲ್ಕು ಪಾಲು, ದ್ರವ ಹದಿನಾರು ಪಾಲು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಪಾಕ ಮುಗಿಯಿತೆಂದು ತಿಳಿಯುವ ಪರೀಕ್ಷೆಗಳು ಇನ್ನೂ ಕುತೂಹಲಕರವಾಗಿವೆ. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಸದ್ದು ಬರಬಾರದು. ತೈಲವಾದರೆ ನೊರೆ ಏಳಬೇಕು, ತುಪ್ಪವಾದರೆ ನೊರೆ ಅಡಗಬೇಕು.

ಈ ಸಂಸ್ಕೃತ ಗ್ರಂಥವನ್ನು ಎಂದೂ ಕಾಣದ ಮನೆಗಳಲ್ಲಿಯೂ ಇದೇ ಪರೀಕ್ಷೆ ಜೀವಂತವಾಗಿದೆ. ತಲೆಗೆ ಹಚ್ಚುವ ಎಣ್ಣೆಗೆ ಗರಗದ ಸೊಪ್ಪು, ಕರಿಬೇವು, ಮೆಂತ್ಯ, ದಾಸವಾಳ ಹಾಕಿ ಸಣ್ಣ ಉರಿಯಲ್ಲಿ ಕಾಸುವ ಹೆಂಗಸರು ‘ಚುರುಚುರು ಅನ್ನೋದು ನಿಂತ ಮ್ಯಾಲ ಇಳಸಬೇಕು’ ಎನ್ನುತ್ತಾರೆ. ಸದ್ದು ನಿಂತಿತೆಂದರೆ ಸೊಪ್ಪಿನ ನೀರು ಆವಿಯಾಯಿತೆಂದು ಅರ್ಥ. ನೀರು ಉಳಿದ ಎಣ್ಣೆ ಕೆಡುತ್ತದೆ. ಗ್ರಂಥ ಶಬ್ದವಿಲ್ಲದಿರುವುದನ್ನು ಲಕ್ಷಣವಾಗಿ ಹೇಳಿದರೆ ಅಡುಗೆಮನೆ ಕಿವಿಗೊಟ್ಟು ಕೇಳುತ್ತದೆ. ಇಲ್ಲಿ ಶಾಸ್ತ್ರದಿಂದ ಜನಪದಕ್ಕೆ ಇಳಿದು ಬಂದದ್ದೆಷ್ಟು, ಜನಪದದಿಂದ ಶಾಸ್ತ್ರಕ್ಕೆ ಏರಿದ್ದೆಷ್ಟು ಎಂದು ಗೆರೆ ಎಳೆಯುವುದು ವ್ಯರ್ಥ. ಔಡಲ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿ ಬಂದ ಎಣ್ಣೆಯನ್ನು ತೆಗೆದು ಮತ್ತೆ ಕಾಸುವ ಕ್ರಮವೂ ಇದೇ ಬಗೆಯ ಮನೆವಿದ್ಯೆ.

ಈ ವಿದ್ಯೆಯ ಶಬ್ದಸಂಪತ್ತಿನ ಕಡೆಗೆ ನಿಘಂಟುಗಳ ಗಮನ ಸಾಲದೆಂದೇ ಹೇಳಬೇಕು. ಕಾಯಿಸು, ಕಾಸು, ಕುದಿಸು, ಬೇಯಿಸು, ಹುರಿ, ಕರಿ, ಸಿಡಿಸು, ಬಾಡಿಸು, ಸೋಸು, ಇಳಿಸು ಇವು ಸಮಾನಾರ್ಥಕಗಳಲ್ಲ. ನೀರನ್ನು ಕಾಯಿಸುತ್ತಾರೆ, ಬೆಣ್ಣೆಯನ್ನು ಕಾಸುತ್ತಾರೆ. ಕಾಸಿದಾಗ ತುಪ್ಪ ಮೇಲೆ, ಗಸಿ ಕೆಳಗೆ. ‘ಎಣ್ಣೆ ಬಿಡು’ ಎಂಬುದಕ್ಕೆ ಎರಡು ವಿರುದ್ಧ ಅರ್ಥಗಳಿವೆ: ಬಾಣಲೆಗೆ ಎಣ್ಣೆ ಹಾಕುವುದೂ ಅದೇ, ಬೆಂದ ಮಸಾಲೆ ಎಣ್ಣೆಯನ್ನು ಹೊರಬಿಡುವುದೂ ಅದೇ. ‘ಇಳಿಸು’ ಎಂಬ ಕ್ರಿಯಾಪದವಂತೂ ಒಲೆಯಿಂದ ಪಾತ್ರೆ ಇಳಿಸುವುದರಿಂದ ಹಿಡಿದು ಕಷಾಯ ಇಳಿಸುವವರೆಗೆ, ಭಟ್ಟಿ ಇಳಿಸುವವರೆಗೆ ಚಾಚಿಕೊಂಡಿದೆ. ಒಂದು ಪದಾರ್ಥದ ಸಾರ ಮತ್ತೊಂದಕ್ಕೆ ಸೇರುವ ಕ್ರಿಯೆಗೆ ಕನ್ನಡದಲ್ಲಿ ಪದವಿಲ್ಲವೆಂದು ಅನುವಾದಕರು ಕೊರಗುವುದುಂಟು. ಪದ ಕೈಯಳತೆಯಲ್ಲಿಯೇ ಇದೆ.

ಯಾವ ಎಣ್ಣೆ ಎಂಬುದು ಆಯಾ ನೆಲಕ್ಕೆ ಬಿಟ್ಟದ್ದು. ಶಾಸನಗಳಲ್ಲಿ ಗಾಣದೆರೆಯ, ನಂದಾದೀವಿಗೆಗೆ ಬಿಟ್ಟ ಎಣ್ಣೆಯ ಉಲ್ಲೇಖಗಳು ಹೇರಳವಾಗಿವೆ. ಬಳ್ಳಾರಿ ಸೀಮೆಯ ಒಣಬೇಸಾಯದಲ್ಲಿ ಶೇಂಗಾ, ಕುಸುಬೆ, ಸೂರ್ಯಕಾಂತಿಗಳಿಗೆ ಎಡೆಯಿತ್ತು. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತು, ಅಕ್ಕಿ ಗಿರಣಿಗಳ ಊರಾಯಿತು. ಅಕ್ಕಿಯ ತೌಡಿನಿಂದಲೂ ಅಡುಗೆ ಎಣ್ಣೆ ಬರುತ್ತದೆ. ಕೊಬ್ಬರಿ ಎಣ್ಣೆ ಈ ಸೀಮೆಯಲ್ಲಿ ಹೆಚ್ಚಾಗಿ ತಲೆಗೆ, ಕರಾವಳಿಯಲ್ಲಿ ಬಾಣಲೆಗೆ.

ಇನ್ನು ಭಂಗಿ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರಿದೆ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ‘ವ್ಯವಾಯಿ’ ದ್ರವ್ಯಕ್ಕೆ ಶಾರ್ಙ್ಗಧರ ಕೊಡುವ ಉದಾಹರಣೆಗಳಲ್ಲಿ ಭಂಗವೂ ಒಂದು. ವಿಜಯೆಯನ್ನು ತುಪ್ಪದಲ್ಲಿ ಹುರಿದು ಸೇರಿಸುವ ಮೋದಕಗಳನ್ನು ವೈದ್ಯಗ್ರಂಥಗಳು ಹೇಳುತ್ತವೆ. ಬ್ರಿಟಿಷ್ ಆಡಳಿತ 1893-94ರಲ್ಲಿ ನೇಮಿಸಿದ್ದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಭಾಂಗ್, ಗಾಂಜಾ, ಚರಸ್ ಎಂಬ ಮೂರು ರೂಪಗಳನ್ನು ಬೇರ್ಪಡಿಸಿತಲ್ಲದೆ, ತುಪ್ಪ ಸಕ್ಕರೆಗಳಿಂದ ಮಾಡುವ ‘ಮಾಜೂಮ್’ ಎಂಬ ಸಿಹಿಯನ್ನೂ ದಾಖಲಿಸಿತು. ಅರಬ್ಬಿಯಲ್ಲಿ ನಾದಿದ್ದು ಎಂಬ ಅರ್ಥವುಳ್ಳ ಪದ ಇದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಯೋಗದ ವರದಿ ಮುಗಿದ 1894ರಲ್ಲಿಯೇ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದುದು ಕಾಕತಾಳೀಯ.

ಕೊಬ್ಬೇ ಏಕೆ ಬೇಕು ಎಂಬುದಕ್ಕೆ ರಸಾಯನಶಾಸ್ತ್ರದ ಉತ್ತರ ಸರಳವಾಗಿದೆ. ಅಮಲು ತರುವ ಮುಖ್ಯ ದ್ರವ್ಯವಾದ ಟಿಎಚ್‌ಸಿ ಹಸಿ ಗಿಡದಲ್ಲಿ ಬಹುಪಾಲು ಆಮ್ಲರೂಪದಲ್ಲಿರುತ್ತದೆ. ಆ ರೂಪದಲ್ಲಿ ಅಮಲಿಲ್ಲ. ಬಿಸಿ ತಾಗಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಅಮಲಿನ ರೂಪ ಪಡೆಯುತ್ತದೆ. ಆದರೂ ನೀರಿನಲ್ಲಿ ಅದು ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲು, ತುಪ್ಪಗಳನ್ನು ಹಿಂದಿನವರು ಆರಿಸಿಕೊಂಡದ್ದು ರುಚಿಗಾಗಿ ಮಾತ್ರವಲ್ಲ. ಗುಣ ಇಳಿಯುವ ವಿಷಯದಲ್ಲಿ ತುಪ್ಪಕ್ಕೂ ಕೊಬ್ಬರಿ ಎಣ್ಣೆಗೂ ತಾತ್ತ್ವಿಕ ಭೇದವಿಲ್ಲ. ತಾಪ, ಕಾಲ, ಸೋಸುವಿಕೆ ಎಂಬ ಸ್ನೇಹಪಾಕದ ಮೂರು ಸಂಗತಿಗಳೇ ಇಲ್ಲಿಯೂ ಕೆಲಸ ಮಾಡುತ್ತವೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಒಗ್ಗರಣೆಯ ಖಾರ ಹೆಚ್ಚಾದರೆ ನಾಲಗೆ ಆ ಕ್ಷಣವೇ ಹೇಳುತ್ತದೆ. ಈ ಕೊಬ್ಬಿನ ಬಲವನ್ನು ನಾಲಗೆ ಹೇಳಲಾರದು, ಕಣ್ಣು ಹೇಳಲಾರದು. ಗಿಡದಿಂದ ಗಿಡಕ್ಕೆ ಬಲ ಬೇರೆ. ಒಂದೇ ಪಾತ್ರೆಯಿಂದ ಮಾಡಿದ ತಿನಿಸಿನ ತುಂಡುಗಳಲ್ಲಿಯೂ ಹಂಚಿಕೆ ಸಮನಾಗಿರುವುದಿಲ್ಲ. ಸೇದಿದಾಗ ನಿಮಿಷಗಳಲ್ಲಿ ಏರುವ ಅಮಲು, ತಿಂದಾಗ ಅರ್ಧ ಗಂಟೆಯಿಂದ ಎರಡು ಗಂಟೆಯಷ್ಟು ತಡವಾಗಿ ಏರುತ್ತದೆ. ಯಕೃತ್ತಿನಲ್ಲಿ ಇನ್ನೊಂದು ಪ್ರಬಲ ರೂಪಕ್ಕೆ ತಿರುಗಿ ಹಲವು ಗಂಟೆ ನಿಲ್ಲುತ್ತದೆ. ಏನೂ ಆಗಲಿಲ್ಲವೆಂದು ಎರಡನೆಯ ತುಂಡು ತಿನ್ನುವವರೇ ಆಸ್ಪತ್ರೆ ಸೇರುವುದು. ಅಡುಗೆಮನೆಯ ಕಪಾಟಿನಲ್ಲಿ ಉಳಿದ ಎಣ್ಣೆಗೂ ತಿನಿಸಿಗೂ ಬೇರೆ ಗುರುತಿಲ್ಲದಿರುವುದರಿಂದ ಮಕ್ಕಳು, ವಯಸ್ಸಾದವರು ಅರಿಯದೆ ತಿನ್ನುವ ಅಪಾಯ ಬೇರೆ. ‘ಕಣ್ಣಳತೆ’, ‘ಕೈಯಳತೆ’ ಎಂದು ನಾವು ಮೆಚ್ಚಿ ಬರೆಯುವ ದೇಸಿ ಜ್ಞಾನದ ಮಿತಿಯನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಉತ್ತರ ಕರ್ನಾಟಕದ ಶರಣ, ಆರೂಢ, ಅವಧೂತ ಪರಂಪರೆಗಳ ಕೆಲವೆಡೆ ಗಾಂಜಾ ಪ್ರಸಾದದ ಸ್ಥಾನ ಪಡೆದಿರುವ ಬಗ್ಗೆ 2020ರಲ್ಲಿ ಪತ್ರಿಕೆಗಳಲ್ಲಿ ವರದಿಗಳು ಬಂದವು. ಯಾದಗಿರಿ ಜಿಲ್ಲೆಯ ತಿಂಥಣಿಯ ಹೆಸರು ಅವುಗಳಲ್ಲಿತ್ತು. ಸಾಧನೆಯ ಭಾಷೆಯಲ್ಲಿ ಅಮಲಿಗಿರುವ ಅರ್ಥ ಬೇರೊಂದು ಅಧ್ಯಯನದ ವಸ್ತುವಾದುದರಿಂದ ಇಲ್ಲಿ ಅದನ್ನು ಮುಂದುವರಿಸಿಲ್ಲ.

ನಿಜವಾದ ತೊಡಕು ಇರುವುದು ಹೆಸರುಗಳಲ್ಲಿ. ‘ಭಂಗಿ’ ಎಂದರೆ ಶಿಲ್ಪದ ನಿಲುವೂ ಹೌದು, ‘ಬಂಗಿ ಸೊಪ್ಪು’ ಎಂಬಲ್ಲಿಯ ಗಿಡವೂ ಹೌದು. ಆದೋನಿಯ ಕಡೆಯ ಗಡಿಗೆ ಹೊಂದಿಕೊಂಡ ಸಿರುಗುಪ್ಪ ತಾಲ್ಲೂಕಿನಲ್ಲಿ ತೆಲುಗಿನ ‘ಗಂಜಾಯಿ’ ಕಿವಿಗೆ ಬೀಳುವುದು ಸಹಜ. ಇಂಗ್ಲಿಷಿನ ‘ಹೆಂಪ್’ ಎಂಬುದನ್ನು ಸೆಣಬು ಎಂದು ಅನುವಾದಿಸುವವರಿದ್ದಾರೆ. ಸೆಣಬು ಬೇರೆಯೇ ಗಿಡ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಸೀಮೆಯ ಮನೆಮನೆಯ ಪುಂಡಿ ಪಲ್ಯದ ಪುಂಡಿಗೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಹೈಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾ ಗಿಡದಂತಿರುವ ದಾಸವಾಳ. ಎಲೆಯ ಆಕಾರವಷ್ಟೇ ಹೋಲಿಕೆ, ಅಮಲಿನ ಸೋಂಕೂ ಇಲ್ಲ.

ಇಂಥ ಗೊಂದಲಗಳು ಬಹುಮಟ್ಟಿಗೆ ನಿರುಪದ್ರವಿ. ‘ಗಾಂಜಾ ಸೊಪ್ಪು’ ಎಂಬ ಪ್ರಯೋಗ ಹಾಗಲ್ಲ. ಪತ್ರಿಕೆಗಳ ಅಪರಾಧ ವರದಿಗಳಲ್ಲಿ ಈ ಪದಪುಂಜ ರೂಢವಾಗಿದೆ. 1985ರ ಮಾದಕ ದ್ರವ್ಯಗಳ ಕಾಯ್ದೆ ಗಾಂಜಾ ಎಂಬುದನ್ನು ಹೂ ಅಥವಾ ಕಾಯಿ ಬಿಟ್ಟ ತುದಿಗಳೆಂದು ವ್ಯಾಖ್ಯಾನಿಸಿ, ತುದಿಗಳ ಜೊತೆಗಿಲ್ಲದ ಬೀಜ ಮತ್ತು ಎಲೆಗಳನ್ನು ಹೊರಗಿಡುತ್ತದೆ. ಎಲೆಯಿಂದಾಗುವ ಭಾಂಗಿನ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿಗೆ ಸೇರಿದ್ದು. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದನ್ನು ತೀರ್ಮಾನಿಸುವಾಗ ಇದೇ ಭೇದವನ್ನು ಗಣನೆಗೆ ತೆಗೆದುಕೊಂಡಿತು. ಹಾಗಿರುವಾಗ ‘ಗಾಂಜಾ ಸೊಪ್ಪು’ ಎಂದರೇನು? ಕನ್ನಡದಲ್ಲಿ ಎಲೆ ಬೇರೆ, ಸೊಪ್ಪು ಬೇರೆ, ಕುಡಿ ಬೇರೆ. ವೀಳ್ಯಕ್ಕೆ ಎಲೆ, ಸಾರಿಗೆ ಸೊಪ್ಪು, ದೇವರಿಗೆ ತುಳಸಿಯ ಕುಡಿ. ಸೊಪ್ಪು ಎಂದಾಗ ಎಳೆಯ ದಂಟು, ಎಲೆ, ಕುಡಿ, ಕೆಲವೊಮ್ಮೆ ಹೂವೂ ಕೂಡಿರಬಹುದು. ಕಾನೂನು ಯಾವುದನ್ನು ಬೇರ್ಪಡಿಸಲು ಕೇಳುತ್ತದೆಯೋ ಅದನ್ನೇ ಈ ಪದ ಒಂದುಗೂಡಿಸುತ್ತದೆ. ಬಂಧನಕ್ಕೊಳಗಾದ ಕೂಲಿಯವನೊಬ್ಬನ ಮಟ್ಟಿಗೆ ಇದು ವ್ಯಾಕರಣದ ಪ್ರಶ್ನೆಯಲ್ಲ, ವರ್ಷಗಳ ಪ್ರಶ್ನೆ.

ಕೊಬ್ಬಿಗೆ ಇಳಿಸಿದ ಮೇಲೆ ತೊಡಕು ಇನ್ನೂ ಬಿಗಿಯಾಗುತ್ತದೆ. ಸೋಸಿದ ಎಣ್ಣೆಯಲ್ಲಿ ಎಲೆಯೂ ಇಲ್ಲ, ಕುಡಿಯೂ ಇಲ್ಲ. ಗುಣ ಮಾತ್ರ ಇದೆ. ಗಾಂಜಾ, ಚರಸ್‌ಗಳ ಯಾವುದೇ ಮಿಶ್ರಣವೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಿಶ್ರಣದಲ್ಲಿ ನಿರ್ಗುಣ ವಸ್ತುವಿನ ತೂಕವನ್ನೂ ಸೇರಿಸಿಯೇ ಪ್ರಮಾಣ ಎಣಿಸಬೇಕೆಂದು ಸುಪ್ರೀಂ ಕೋರ್ಟು 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಚಿಟಿಕೆಯಷ್ಟನ್ನು ಒಂದು ಸೇರು ಎಣ್ಣೆಗೆ ಇಳಿಸಿದವನ ವಿರುದ್ಧ ಎಣ್ಣೆಯ ತೂಕವೂ ತಕ್ಕಡಿಗೆ ಏರುವ ಸಂಭವವಿದೆ. ಮನೆಯ ಮಟ್ಟಿಗೆ ಸಣ್ಣದೆಂದು ತೋರುವ ಪಾಕ ಕಾನೂನಿನ ಮಟ್ಟಿಗೆ ಸಣ್ಣದಾಗಿ ಉಳಿಯುವುದಿಲ್ಲ.

ಇದೇ ಗಿಡದ ಬೀಜದ ಕತೆಯೇ ಬೇರೆ. 2021ರ ನವೆಂಬರ್‌ನಲ್ಲಿ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟುಗಳನ್ನು ಆಹಾರವೆಂದು ಅಂಗೀಕರಿಸಿತು. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರುವಂತಿಲ್ಲ. ಇದು ಎಳ್ಳೆಣ್ಣೆ, ಕುಸುಬೆ ಎಣ್ಣೆಗಳಂತೆ ಬೀಜ ಹಿಂಡಿ ತೆಗೆದ ಎಣ್ಣೆ. ಸೊಪ್ಪು ಕಾಸಿ ಗುಣ ಇಳಿಸಿದ ಎಣ್ಣೆಯಲ್ಲ. ಎರಡನ್ನೂ ‘ಗಾಂಜಾ ಎಣ್ಣೆ’ ಎಂದೇ ಕರೆದರೆ ಒಂದು ಅಂಗಡಿಯಲ್ಲಿ ಮಾರಬಹುದಾದದ್ದು, ಇನ್ನೊಂದು ಜೈಲಿಗೆ ಒಯ್ಯುವಂಥದ್ದು ಎಂಬುದು ಓದುಗನಿಗೆ ತಿಳಿಯದು. ಗಾಣದ ಕನ್ನಡ ಇದಕ್ಕೆ ದಾರಿ ತೋರಿಸಬಲ್ಲದು. ಬೀಜದ್ದನ್ನು ‘ಹಿಂಡಿದ ಎಣ್ಣೆ’ ಎಂದೂ, ಸೊಪ್ಪಿನದನ್ನು ‘ಕಾಸಿದ ಎಣ್ಣೆ’ ಎಂದೂ ಹೇಳಿದರೆ ಯಾವ ಹೊಸ ಪದವನ್ನೂ ಟಂಕಿಸಬೇಕಾಗಿಲ್ಲ. ಪಂಚನಾಮೆಯಲ್ಲಿಯೂ ವರದಿಯಲ್ಲಿಯೂ ‘ಸೊಪ್ಪು’ ಎಂದು ಬರೆಯುವ ಕಡೆ ಎಲೆಯೋ, ಹೂಗುಡಿಯೋ, ಬೀಜವೋ ಎಂದು ಬಿಡಿಸಿ ಬರೆಯಲು ಬೇಕಾದ ಮಾತುಗಳು ಕುರುಗೋಡಿನ ಸಂತೆಯಲ್ಲಿ ಕಾಯಿಪಲ್ಯೆ ಮಾರುವವಳ ಬಾಯಲ್ಲಿಯೇ ಇವೆ.