ಯಂತ್ರ ಕೆಡುವ ಮೊದಲೇ ಸಿಗುವ ಸುದ್ದಿ

ಕಾರ್ಖಾನೆಗಳ ಹಳಬ ಮೆಕ್ಯಾನಿಕ್‌ಗಳಿಗೆ ಒಂದು ರೂಢಿಯಿದೆ. ಓಡುತ್ತಿರುವ ಮೋಟಾರಿನ ಬೇರಿಂಗ್ ಇರುವ ಜಾಗಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುತ್ತಾರೆ. ಒಳಗಿನ ಸದ್ದು ಲೋಹದ ಮೂಲಕ ನೇರವಾಗಿ ಕಿವಿಗೆ ಬರುತ್ತದೆ. ಒಂದೇ ಸಮನೆ ಗುಂಯ್ ಎಂದರೆ ಚಿಂತೆಯಿಲ್ಲ. ಕರಕರ ಎಂದರೆ ಗ್ರೀಸ್ ಒಣಗಿದೆ, ಇಲ್ಲವೇ ಬೇರಿಂಗ್ ಸವೆಯುತ್ತಿದೆ. ವರ್ಷಗಟ್ಟಲೆ ದುಡಿದವರಿಗಷ್ಟೇ ಒಲಿಯುವ ವಿದ್ಯೆಯಿದು. ಆದರೆ ಮೂರು ಶಿಫ್ಟ್‌ಗಳಲ್ಲಿ ಓಡುವ ನೂರಾರು ಮೋಟಾರುಗಳಿಗೆ ಹಗಲಿರುಳು ಕಿವಿಗೊಡುವುದು ಯಾರಿಂದಲೂ ಆಗದ ಮಾತು. ಆ ಕಾವಲು ಕೆಲಸವನ್ನು ಈಗ ಅಂಗೈಯಲ್ಲಿ ಹಿಡಿಸುವ ಸೆನ್ಸರ್‌ಗಳಿಗೆ ಒಪ್ಪಿಸಲಾಗುತ್ತಿದೆ.

ಈ ಸೆನ್ಸರಿನ ಒಳಗಿರುವುದು ಸಿಲಿಕಾನ್ ಚೂರಿನಲ್ಲಿ ಕೆತ್ತಿದ ಒಂದು ಅತಿ ಸೂಕ್ಷ್ಮ ತೂಕ. ಅದು ಸಿಲಿಕಾನಿನದೇ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ತೂಕಕ್ಕೆ ಅಂಟಿದ ಎಳೆಗಳೂ ಚೌಕಟ್ಟಿಗೆ ಅಂಟಿದ ಎಳೆಗಳೂ ಎದುರುಬದುರಾದ ಎರಡು ಬಾಚಣಿಗೆಗಳ ಹಲ್ಲುಗಳಂತೆ ಒಂದರ ನಡುವೆ ಒಂದು ಸೇರಿಕೊಂಡಿರುತ್ತವೆ. ಮೋಟಾರು ಅದುರಿದಾಗ ತೂಕ ಅಲುಗುತ್ತದೆ, ಎಳೆಗಳ ನಡುವಿನ ಅಂತರ ಬದಲಾಗುತ್ತದೆ, ಅದರೊಂದಿಗೆ ಅಲ್ಲಿ ಹಿಡಿಸುವ ವಿದ್ಯುದಾವೇಶವೂ ಬದಲಾಗುತ್ತದೆ. ಕಂಪನ ಹೀಗೆ ಅಂಕಿಯಾಗುತ್ತದೆ. ಇದೇ ತಂತ್ರ ಮೊಬೈಲನ್ನು ಅಡ್ಡ ಹಿಡಿದಾಗ ಪರದೆಯನ್ನು ತಿರುಗಿಸುತ್ತದೆ, ಡಿಕ್ಕಿಯಾದಾಗ ಕಾರಿನ ಏರ್‌ಬ್ಯಾಗ್ ಬಿಚ್ಚಿಸುತ್ತದೆ. ಕಾರು, ಮೊಬೈಲುಗಳಿಗಾಗಿ ಭಾರೀ ಪ್ರಮಾಣದಲ್ಲಿ ತಯಾರಾದದ್ದರಿಂದಲೇ ಇದರ ಬೆಲೆ ಇಳಿದು ಸಣ್ಣ ಕಾರ್ಖಾನೆಗಳ ಕೈಗೂ ಎಟುಕಿದೆ.

ಅಂಕಿ ಸಿಕ್ಕಿತು, ಸರಿ. ಅದರಿಂದ ರೋಗ ಪತ್ತೆಯಾಗುವುದು ಹೇಗೆ? ಪಂಪು, ಫ್ಯಾನು, ಸಣ್ಣ ಮೋಟಾರುಗಳಲ್ಲೆಲ್ಲ ಕಾಣಸಿಗುವ 6205 ಎಂಬ ಬೇರಿಂಗನ್ನೇ ನೋಡೋಣ. ಇದರ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52. ಒಳಬಳೆ, ಹೊರಬಳೆಗಳ ನಡುವೆ ಸಾಮಾನ್ಯವಾಗಿ 9 ಗುಂಡುಗಳಿರುತ್ತವೆ. ಮೋಟಾರು ನಿಮಿಷಕ್ಕೆ 1,440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತಿದೆ ಎನ್ನಿ. ಶಾಫ್ಟ್ ಪೂರ್ತಿ ಒಂದು ಸುತ್ತು ಹಾಕುವಷ್ಟರಲ್ಲಿ ಗುಂಡುಗಳು ಸುಮಾರು 0.4 ಸುತ್ತು ಮಾತ್ರ ಮುಂದೆ ಸಾಗಿರುತ್ತವೆ. ಹೊರಬಳೆಯಲ್ಲಿ ಒಂದು ಕಡೆ ಬಿರುಕು ಬಿಟ್ಟಿದ್ದರೆ ಪ್ರತಿ ಗುಂಡೂ ಅದನ್ನು ದಾಟುವಾಗ ಟಕ್ ಎಂದು ಕುಟ್ಟುತ್ತದೆ. 9 ಗುಂಡು, 0.4 ಸುತ್ತು, 24 ಬಾರಿ: ಗುಣಿಸಿದರೆ ಸೆಕೆಂಡಿಗೆ ಸುಮಾರು 86 ಪೆಟ್ಟು. ಬಿರುಕು ಒಳಬಳೆಯಲ್ಲಿದ್ದರೆ ಲೆಕ್ಕ ಬೇರೆ. ಒಳಬಳೆ ಶಾಫ್ಟಿನೊಡನೆ ತಿರುಗುವುದರಿಂದ ಗುಂಡುಗಳಿಗಿಂತ 0.6 ಸುತ್ತು ಮುಂದಿರುತ್ತದೆ. ಪೆಟ್ಟುಗಳು ಸುಮಾರು 130. ಯಂತ್ರವನ್ನು ಬಿಚ್ಚದೆಯೇ, ಕೆಟ್ಟಿರುವುದು ಹೊರಬಳೆಯೋ ಒಳಬಳೆಯೋ ಎಂದು ಹೇಳಬಹುದು!

ಆದರೆ ಈ ಪೆಟ್ಟುಗಳು ಗಿಯರು, ಬೆಲ್ಟು, ಪಕ್ಕದ ಯಂತ್ರಗಳ ಅದುರಾಟದಲ್ಲಿ ಹೂತುಹೋಗಿರುತ್ತವೆ. ಬೇರ್ಪಡಿಸುವ ದಾರಿ ತೋರಿದವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ. ಎಂಥ ಗೋಜಲಿನ ಏರಿಳಿತವನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ವಿಚಾರವನ್ನು ಅವನು 1822ರಲ್ಲಿ ಪ್ರಕಟಿಸಿದ್ದು ಶಾಖದ ಹರಿವನ್ನು ಕುರಿತ ಗ್ರಂಥದಲ್ಲಿ. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟುಕಿ ಈ ಲೆಕ್ಕವನ್ನು ಕಂಪ್ಯೂಟರುಗಳು ಥಟ್ಟನೆ ಮಾಡಿ ಮುಗಿಸುವ ವಿಧಾನ ಕೊಟ್ಟರು. ಇಂದು ಸೆನ್ಸರಿನ ಜೊತೆಗಿರುವ ಪುಟ್ಟ ಚಿಪ್ಪೇ ಅದನ್ನು ಮಾಡುತ್ತದೆ.

ಅಲ್ಲೇ ಮಾಡಬೇಕಾದ ಅಗತ್ಯವೂ ಇದೆ. ಒಂದು ಸೆನ್ಸರ್ ಸೆಕೆಂಡಿಗೆ 20,000 ಸಲ ಅಳೆದು, ಪ್ರತಿ ಅಳತೆಗೆ 2 ಬೈಟ್ ಬಳಸಿದರೆ ದಿನಕ್ಕೆ ಹೆಚ್ಚುಕಡಿಮೆ 3.5 ಗಿಗಾಬೈಟ್ ಮಾಹಿತಿ ಕೂಡುತ್ತದೆ. ನೂರು ಮೋಟಾರುಗಳಿದ್ದರೆ ಜಾಲ ಉಸಿರುಗಟ್ಟುತ್ತದೆ. ಹಾಗಾಗಿ ಲೆಕ್ಕ ಯಂತ್ರದ ಬುಡದಲ್ಲೇ ನಡೆದು, 86ರ ಪೆಟ್ಟು ಬಲವಾಗುತ್ತಿದೆ ಎಂಬ ಸುದ್ದಿಯಷ್ಟೇ ಮುಂದೆ ಹೋಗುತ್ತದೆ. ಅದನ್ನು ಸಾಗಿಸಲು ಹೆಚ್ಚಾಗಿ ಬಳಕೆಯಲ್ಲಿರುವ ಎಂಕ್ಯೂಟಿಟಿ ಎಂಬ ಸಂವಹನ ಕ್ರಮ 1999ರಲ್ಲಿ ಹುಟ್ಟಿದ್ದು ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು. ಉಪಗ್ರಹ ಸಂಪರ್ಕ ದುಬಾರಿಯಾದ್ದರಿಂದ ಮಾತು ಮಿತವಾಗಿರಬೇಕಿತ್ತು. ಸಂದೇಶದ ಕಡ್ಡಾಯ ತಲೆಬರಹ ಬರೀ 2 ಬೈಟ್‌ನಷ್ಟು ಚಿಕ್ಕದಿರಬಹುದು. ಆ ಮಿತವ್ಯಯವೇ ಕಾರ್ಖಾನೆಗೂ ಒದಗಿಬಂತು.

2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ, ಯಂತ್ರಗಳನ್ನು ಹೀಗೆ ಜಾಲಕ್ಕೆ ಬೆಸೆಯುವುದಕ್ಕೆ 'ಇಂಡಸ್ಟ್ರಿ 4.0' ಎಂಬ ಹೆಸರು ಕೇಳಿಬಂದ ಮೇಲೆ, ಇದೆಲ್ಲ ಹೊಸ ಯಂತ್ರ, ರೋಬೋಟ್ ಕೊಳ್ಳಬಲ್ಲ ದೊಡ್ಡವರ ಸಂಗತಿ ಎಂಬ ಭಾವನೆ ಬೆಳೆಯಿತು. ಅದು ಪೂರ್ತಿ ನಿಜವಲ್ಲ. ಬೆಂಗಳೂರಿನ ಪೀಣ್ಯದಂಥ ಕಡೆ ಇರುವ ಸಾವಿರಾರು ಸಣ್ಣ ವರ್ಕ್‌ಶಾಪ್‌ಗಳಿಗೂ ಇಲ್ಲಿ ದಾರಿಯಿದೆ. ಹಳೆಯ ಲೇತಿಗೆ ಕರೆಂಟ್ ಒಯ್ಯುವ ಒಂದು ವೈರಿನ ಸುತ್ತ ಕಚ್ಚಿಸುವ ಕರೆಂಟ್ ಸೆನ್ಸರ್ ಹಾಕಿದರೆ ಸಾಕು, ವೈರು ಕತ್ತರಿಸುವ ಗೋಜಿಲ್ಲ. ಎಳೆಯುವ ಕರೆಂಟನ್ನು ನೋಡಿ ಯಂತ್ರ ಲೋಹ ಕೊರೆಯುತ್ತಿದೆಯೋ, ಸುಮ್ಮನೆ ತಿರುಗುತ್ತಿದೆಯೋ, ನಿಂತಿದೆಯೋ ತಿಳಿಯುತ್ತದೆ. ಯಂತ್ರ ಲಭ್ಯವಿದ್ದ ಸಮಯ, ಓಡಿದ ವೇಗ, ಒಳ್ಳೆಯ ಮಾಲಿನ ಪಾಲು ಈ ಮೂರೂ 90 ಪ್ರತಿಶತ ಇದ್ದರೆ ಮಾಲೀಕರಿಗೆ ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಆದರೆ ಮೂರನ್ನೂ ಗುಣಿಸಿದರೆ ಸಿಗುವ ಒಟ್ಟು ದಕ್ಷತೆ ಸುಮಾರು 73 ಪ್ರತಿಶತ ಮಾತ್ರ. ಸೋರಿಕೆ ಎಷ್ಟಿದೆ ಎಂದು ಆಗ ಕಾಣುತ್ತದೆ. ಇಂಥ ನೆರವಿಗೆಂದೇ ಕೇಂದ್ರ ಸರ್ಕಾರದ 'ಸಮರ್ಥ್ ಉದ್ಯೋಗ್' ಯೋಜನೆಯಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ)ಗಳಲ್ಲಿ ಕೇಂದ್ರಗಳು ತಲೆಯೆತ್ತಿವೆ.

ಜಾಲಕ್ಕೆ ಜೋಡಿಸಿದ ಪ್ರತಿ ಸಾಧನವೂ ದಾಳಿಕೋರರಿಗೆ ಒಂದು ಬಾಗಿಲು ಎಂಬುದನ್ನು ಮಾತ್ರ ಮರೆಯಬಾರದು. 2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯುಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಒತ್ತೆ-ತಂತ್ರಾಂಶದ ದಾಳಿಗೆ ಸಿಕ್ಕಿತು. ಮೊದಲು ಒಳಹೊಕ್ಕದ್ದು ಒಂದು ಇಮೇಲ್ ಲಗತ್ತಿನ ಮೂಲಕ. ಸುಮಾರು 35,000 ನೌಕರರ ಕಂಪನಿಯ ಕಂಪ್ಯೂಟರುಗಳು ಸ್ತಬ್ಧವಾದವು. ಹಲವು ಘಟಕಗಳು ಕೈಯಿಂದಲೇ ಯಂತ್ರ ನಡೆಸಬೇಕಾಯಿತು. ಕಂಪನಿ ಹಣ ತೆರಲಿಲ್ಲ, ವಿಷಯ ಮುಚ್ಚಿಡಲೂ ಇಲ್ಲ. ಆ ದಿನಗಳಲ್ಲಿ ಘಟಕಗಳನ್ನು ನಡೆಸಿಕೊಂಡು ಹೋದದ್ದು ಪರದೆಯಿಲ್ಲದೆಯೂ ಕೆಲಸ ಬಲ್ಲ ಜನ. ಕಚೇರಿಯ ಜಾಲವನ್ನೂ ಯಂತ್ರಗಳ ಜಾಲವನ್ನೂ ಬೇರೆ ಇಡುವುದು, ಸೆನ್ಸರಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸುವುದು, ಇಂಥ ಸರಳ ಶಿಸ್ತು ಸಣ್ಣ ಘಟಕಕ್ಕೂ ಬೇಕು.

ಇನ್ನೊಂದು ಎಚ್ಚರ ಮನುಷ್ಯರಿಗೆ ಸಂಬಂಧಿಸಿದ್ದು. ಯಂತ್ರ ಇಪ್ಪತ್ತು ನಿಮಿಷ ನಿಂತಿತ್ತು ಎಂದು ಸೆನ್ಸರ್ ಹೇಳುತ್ತದೆ. ಯಾಕೆ ಎಂದು ಹೇಳುವುದಿಲ್ಲ. ಕಚ್ಚಾ ಮಾಲು ಬಂದಿರಲಿಲ್ಲವೋ, ಟೂಲ್ ಮುರಿದಿತ್ತೋ, ಆಪರೇಟರನನ್ನೇ ಕೇಳಬೇಕು. ಕೇಳದೆ ಅಂಕಿಯನ್ನೇ ಆರೋಪಪಟ್ಟಿ ಮಾಡಿದರೆ ಆತ ಸೆನ್ಸರನ್ನು ಶತ್ರುವೆಂದೇ ಎಣಿಸುತ್ತಾನೆ, ತನಗೆ ಗೊತ್ತಿರುವುದನ್ನೂ ಹೇಳುವುದಿಲ್ಲ. ಆದ್ದರಿಂದ ಮಾಹಿತಿ ಮೊದಲು ಕಾಣಬೇಕಾದದ್ದು ಯಂತ್ರದ ಮುಂದೆ ನಿಂತವನಿಗೆ. 86ರ ಪೆಟ್ಟಿನ ಅರ್ಥ ಆತನಿಗೂ ಗೊತ್ತಿರಬೇಕು. ಯಂತ್ರ ನಿಲ್ಲಿಸಿ ಬೇರಿಂಗ್ ಬದಲಿಸಿ ಎನ್ನುವ ಅಧಿಕಾರವೂ ಇರಬೇಕು. ಬೇರಿಂಗ್ ಮುರಿಯುವ ಮೊದಲೇ ಸುದ್ದಿ ಸಿಕ್ಕಿದ್ದರ ಲಾಭ ಕೈಗೆ ಬರುವುದು ಯಾರಾದರೂ ಸ್ಪ್ಯಾನರ್ ಹಿಡಿದು ಹೊರಟಾಗ. ಸೆನ್ಸರ್ ಕೊಳ್ಳಲು ತೆಗೆದಿಡುವ ಹಣದಲ್ಲಿ ಆ ಕೆಲಸಗಾರರ ತರಬೇತಿಗೂ ಒಂದು ಪಾಲು ಇರಲೇಬೇಕು.