ಮೊಬೈಲ್ ಗೋಪುರ: ನಿವಾಸಿಗಳ ಆತಂಕ ಮತ್ತು ಹಕ್ಕುಗಳು

ಭಾರತದ ಮೊದಲ ಮೊಬೈಲ್ ದೂರವಾಣಿ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಅಂದಿನ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಅಂದು ಕೆಲವೇ ಜನರ ಕೈಯಲ್ಲಿದ್ದ ಈ ಸಾಧನವು ಇಂದು ತರಕಾರಿ ಮಾರುವವರಿಂದ ಹಿಡಿದು ವೈದ್ಯರವರೆಗೆ ಎಲ್ಲರ ನಿತ್ಯಜೀವನದ ಅಂಗವಾಗಿದೆ. ಆದರೆ ಇದಕ್ಕೆ ಆಧಾರವಾದ ಗೋಪುರವೊಂದು ತಮ್ಮ ಬಡಾವಣೆಯಲ್ಲಿಯೇ ತಲೆಯೆತ್ತಲಿದೆ ಎಂಬ ಸುದ್ದಿ ತಿಳಿದೊಡನೆ ನಿವಾಸಿಗಳು ಕಳವಳಗೊಳ್ಳುವುದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ಎಲ್ಲ ಮಹಾನಗರಗಳಲ್ಲಿಯೂ ಕಂಡುಬರುತ್ತದೆ.

ಈ ಕಳವಳವನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ತಮ್ಮ ತಲೆಯ ಮೇಲೆ ಏನನ್ನು ಸ್ಥಾಪಿಸಲಾಗುತ್ತಿದೆ ಎಂದು ತಿಳಿಯುವ ಅಧಿಕಾರ ಪ್ರತಿಯೊಬ್ಬ ನಿವಾಸಿಗೂ ಇದೆ. ಆದರೆ ಕೇವಲ ಭಯವನ್ನು ಆಧರಿಸಿದ ಆಕ್ಷೇಪಣೆಗಿಂತ, ಪರೀಕ್ಷಿಸಿ ನೋಡಬಹುದಾದ ಸಂಗತಿಗಳನ್ನು ಆಧರಿಸಿದ ಆಕ್ಷೇಪಣೆಗೆ ಹೆಚ್ಚಿನ ಬಲವಿರುತ್ತದೆ. ಆ ಸಂಗತಿಗಳು ಯಾವುವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗೋಪುರದ ಕಾರ್ಯವಿಧಾನ

ಗೋಪುರವೆಂಬುದು ಕೇವಲ ಉಕ್ಕಿನ ಚೌಕಟ್ಟು. ಅಲೆಗಳನ್ನು ಹೊರಸೂಸುವುದು ಅದರ ಮೇಲಿರುವ ಆಂಟೆನಾಗಳು. ಇವುಗಳಿಂದ ಹೊರಡುವ ರೇಡಿಯೋ ಅಲೆಗಳು ಎಕ್ಸ್-ರೇ ಕಿರಣಗಳಂತೆ ಅಣುಗಳನ್ನು ಒಡೆಯುವಷ್ಟು ಶಕ್ತಿಯುಳ್ಳವಲ್ಲ. ಪ್ರಮಾಣ ಬಹಳ ಹೆಚ್ಚಾದಾಗ ದೇಹದ ಅಂಗಾಂಶವನ್ನು ಬಿಸಿಮಾಡುವುದು ಇವುಗಳ ದೃಢಪಟ್ಟ ಪರಿಣಾಮ. ಸುರಕ್ಷತಾ ಮಿತಿಗಳನ್ನು ನಿಗದಿಪಡಿಸುವಾಗ ಇದನ್ನೇ ಮುಖ್ಯವಾಗಿ ಗಮನಿಸಲಾಗುತ್ತದೆ.

ಆಂಟೆನಾವು ತನ್ನ ಶಕ್ತಿಯನ್ನು ಎಲ್ಲ ದಿಕ್ಕುಗಳಿಗೂ ಸಮನಾಗಿ ಚೆಲ್ಲುವುದಿಲ್ಲ. ಟಾರ್ಚಿನ ಬೆಳಕಿನಂತೆ ಅದು ಮುಂದಕ್ಕೆ, ಸ್ವಲ್ಪ ಕೆಳಮುಖವಾಗಿ ಹರಿಯುತ್ತದೆ. ಹೀಗಾಗಿ ಆಂಟೆನಾದ ನೇರ ಕೆಳಗಿರುವ ಮನೆಗಿಂತ, ಅದರ ಎದುರಿಗೆ ಅದೇ ಎತ್ತರದಲ್ಲಿರುವ ಪಕ್ಕದ ಕಟ್ಟಡದ ಮನೆಯನ್ನು ಹೆಚ್ಚಿನ ಶಕ್ತಿ ತಲುಪುತ್ತದೆ. ತಮ್ಮ ಮನೆಯ ಛಾವಣಿಯ ಮೇಲಿನ ಗೋಪುರಕ್ಕೆ ಹೆದರುವ ಅನೇಕರು ಈ ಅಂಶವನ್ನು ಗಮನಿಸುವುದಿಲ್ಲ.

ದೂರ ಹೆಚ್ಚಿದಂತೆ ಅಲೆಗಳ ತೀವ್ರತೆ ವೇಗವಾಗಿ ಕುಗ್ಗುತ್ತದೆ. 20 ವ್ಯಾಟ್ ಶಕ್ತಿಯನ್ನು ಸುಮಾರು 50 ಪಟ್ಟು ಕೇಂದ್ರೀಕರಿಸುವ ಒಂದು ಆಂಟೆನಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ನೇರ ಎದುರಿನಲ್ಲಿ 10 ಮೀಟರ್ ದೂರದಲ್ಲಿ ಲೆಕ್ಕದ ಪ್ರಕಾರ ಪ್ರತಿ ಚದರ ಮೀಟರಿಗೆ ಸುಮಾರು 0.8 ವ್ಯಾಟ್ ಶಕ್ತಿ ಇರುತ್ತದೆ. 20 ಮೀಟರ್ ದೂರದಲ್ಲಿ 0.2 ವ್ಯಾಟ್, 40 ಮೀಟರ್ ದೂರದಲ್ಲಿ 0.05 ವ್ಯಾಟ್ ಮಾತ್ರ. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಒಂದೇ ಗೋಪುರದ ಮೇಲೆ ಹಲವು ಸಂಸ್ಥೆಗಳ ಆಂಟೆನಾಗಳಿದ್ದರೆ ಅವೆಲ್ಲದರ ಪ್ರಮಾಣವನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಆರೋಗ್ಯದ ಪ್ರಶ್ನೆ

2011ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೋ ಅಲೆಗಳನ್ನು 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು' ಎಂಬ ವರ್ಗಕ್ಕೆ ಸೇರಿಸಿತು. ಜನರ ಆತಂಕಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಆದರೆ ಈ ವರ್ಗೀಕರಣಕ್ಕೆ ಆಧಾರವಾದುದು ಮುಖ್ಯವಾಗಿ ಫೋನನ್ನು ಕಿವಿಗೆ ಹಚ್ಚಿ ದೀರ್ಘಕಾಲ ಮಾತನಾಡುವವರ ಅಧ್ಯಯನಗಳೇ ಹೊರತು ಗೋಪುರದ ಬಳಿ ವಾಸಿಸುವವರ ಅಧ್ಯಯನಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಮಾಡಿಸಿ 2024ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಗೋಪುರ ದೂರವಾಗಿ ಸಂಕೇತ ದುರ್ಬಲವಾದಷ್ಟೂ ಕೈಯಲ್ಲಿರುವ ಫೋನು ಹೆಚ್ಚಿನ ಶಕ್ತಿಯಿಂದ ಅಲೆಗಳನ್ನು ಕಳುಹಿಸಬೇಕಾಗುತ್ತದೆ. ತಲೆಗೆ ಅತಿ ಸಮೀಪದಲ್ಲಿರುವುದು ಫೋನೇ. ಆದುದರಿಂದ ಗೋಪುರವನ್ನು ಬಡಾವಣೆಯಿಂದ ಬಹಳ ದೂರಕ್ಕೆ ಅಟ್ಟಿದ ಮಾತ್ರಕ್ಕೆ ಅಲೆಗಳ ಸಂಪರ್ಕ ಕಡಿಮೆಯಾಯಿತೆಂದು ಭಾವಿಸುವಂತಿಲ್ಲ.

ಭಾರತದಲ್ಲಿ ಮಿತಿಗಳು

ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಭಾರತವು 2008ರಲ್ಲಿ ಅಂಗೀಕರಿಸಿತು. ಅಂತರ ಸಚಿವಾಲಯ ಸಮಿತಿಯ ವರದಿಯ ನಂತರ, 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ಮಿತಿಯನ್ನು ಆ ಮಾರ್ಗಸೂಚಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. 900 ಮೆಗಾಹರ್ಟ್ಸ್ ಆವರ್ತನಕ್ಕೆ ಪ್ರತಿ ಚದರ ಮೀಟರಿಗೆ 4.5 ವ್ಯಾಟ್ ಇದ್ದ ಮಿತಿಯು 0.45 ವ್ಯಾಟ್ ಆಯಿತು. ಮೇಲಿನ ಉದಾಹರಣೆಯನ್ನು ಇದರೊಡನೆ ಹೋಲಿಸಿದರೆ, ಆಂಟೆನಾದ ನೇರ ಎದುರಿಗೆ 10 ಮೀಟರ್ ದೂರದಲ್ಲಿ ಮನೆಯ ಕಿಟಕಿ ಇರುವುದು ಏಕೆ ಆಕ್ಷೇಪಾರ್ಹ ಎಂಬುದು ಸ್ಪಷ್ಟವಾಗುತ್ತದೆ. ಆಕ್ಷೇಪಣೆ ಸಲ್ಲಿಸುವ ಸಮಯದಲ್ಲಿ ಜಾರಿಯಲ್ಲಿರುವ ಮಿತಿ ಯಾವುದೆಂಬುದನ್ನು ದೂರಸಂಪರ್ಕ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಸಾರ್ವಜನಿಕರ ಮಾಹಿತಿಗಾಗಿ 2017ರ ಮೇ ತಿಂಗಳಲ್ಲಿ ಇಲಾಖೆಯು 'ತರಂಗ ಸಂಚಾರ' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ತಮ್ಮ ಸುತ್ತಲಿನ ಗೋಪುರಗಳ ವಿವರವನ್ನು ಇದರ ಮೂಲಕ ನೋಡಬಹುದು. ಶುಲ್ಕ ತೆತ್ತು ತಮ್ಮ ಮನೆಯ ಬಳಿ ವಿಕಿರಣದ ಮಾಪನ ಮಾಡಿಸಿಕೊಳ್ಳಲೂ ಅವಕಾಶ ಕಲ್ಪಿಸಲಾಯಿತು. ಅಳತೆಯ ವರದಿ ಕೈಯಲ್ಲಿದ್ದರೆ ಊಹಾಪೋಹಗಳಿಗೆ ಎಡೆಯಿರುವುದಿಲ್ಲ.

ನ್ಯಾಯಾಲಯಗಳ ನಿಲುವು

ಈ ವಿಷಯದಲ್ಲಿ ನ್ಯಾಯಾಲಯಗಳ ಆದೇಶಗಳು ಒಂದೇ ದಿಕ್ಕಿನಲ್ಲಿಲ್ಲ. 2012ರ ನವೆಂಬರ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ ಮತ್ತು ಆಟದ ಮೈದಾನಗಳ ಬಳಿಯ ಗೋಪುರಗಳನ್ನು ತೆಗೆಯುವಂತೆ ಆದೇಶಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಯೊಬ್ಬರ ದೂರಿನ ಮೇಲೆ ಗ್ವಾಲಿಯರ್‌ನ ಒಂದು ಗೋಪುರವನ್ನು ಸ್ಥಗಿತಗೊಳಿಸಲು ಆದೇಶ ನೀಡಿತು. ಆ ಆದೇಶ ಆ ಒಂದು ಗೋಪುರಕ್ಕೆ ಸಂಬಂಧಿಸಿದ್ದು. ಮತ್ತೊಂದೆಡೆ, ಕೇರಳವೂ ಸೇರಿದಂತೆ ಹಲವು ರಾಜ್ಯಗಳ ಉಚ್ಚ ನ್ಯಾಯಾಲಯಗಳು ಕೇವಲ ಆತಂಕದ ಆಧಾರದಿಂದ ಗೋಪುರವನ್ನು ತಡೆಯಲಾಗದು ಎಂಬ ನಿಲುವು ತಳೆದಿವೆ. ವಿಕಿರಣದ ಭಯವೊಂದನ್ನೇ ನೆಚ್ಚಿಕೊಂಡು ಹೂಡಿದ ದಾವೆ ಗೆಲ್ಲುತ್ತದೆಂಬ ಭರವಸೆ ಇಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

ನಿವಾಸಿಗಳು ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು ಕಟ್ಟಡದ ದೃಢತೆ. ಮೂವತ್ತು, ನಲವತ್ತು ವರ್ಷಗಳ ಹಿಂದೆ ಕಟ್ಟಿದ ಕಟ್ಟಡದ ಛಾವಣಿಯು ಉಕ್ಕಿನ ಚೌಕಟ್ಟು, ಬ್ಯಾಟರಿ ಮತ್ತು ಉಪಕರಣಗಳ ಭಾರವನ್ನೂ ಮಳೆಗಾಲದ ಗಾಳಿಯ ಹೊಡೆತವನ್ನೂ ತಾಳಬಲ್ಲುದೇ? ಅರ್ಹ ಸಂಸ್ಥೆ ಅಥವಾ ಇಂಜಿನಿಯರರು ನೀಡಿದ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು. ಛಾವಣಿಗೆ ಮೊಳೆ ಹೊಡೆದಾಗ ನೀರು ಸೋರಿದರೆ ದುರಸ್ತಿಯ ಹೊಣೆ ಯಾರದೆಂಬುದು ಕರಾರಿನಲ್ಲಿಯೇ ಇರಬೇಕು.

ಎರಡನೆಯದು ಒಪ್ಪಿಗೆ. ಸಹಕಾರಿ ವಸತಿ ಸಂಘಗಳಲ್ಲಿ ಛಾವಣಿಯು ಎಲ್ಲ ಸದಸ್ಯರಿಗೂ ಸಂಬಂಧಿಸಿದ ಆಸ್ತಿ. ಸರ್ವಸದಸ್ಯರ ಸಭೆಯಲ್ಲಿ ವಿಷಯವನ್ನು ಮಂಡಿಸಿ ನಿರ್ಣಯ ಕೈಗೊಳ್ಳದೆ ಇಬ್ಬರು ಮೂವರು ಪದಾಧಿಕಾರಿಗಳು ಕರಾರಿಗೆ ಸಹಿ ಹಾಕಿದ್ದರೆ ಅದು ಗಟ್ಟಿಯಾದ ಆಕ್ಷೇಪಣೆಗೆ ಆಧಾರವಾಗುತ್ತದೆ. ಬಾಡಿಗೆಯ ಲಾಭ ಎಲ್ಲರಿಗೂ ಸೇರಿದರೂ ತೊಂದರೆ ಮಾತ್ರ ಮೇಲಿನ ಅಂತಸ್ತಿನವರಿಗೆ ಎಂಬ ಸ್ಥಿತಿ ಬರಬಾರದು. ಅವರ ಮಾತಿಗೆ ವಿಶೇಷ ಗಮನ ಸಲ್ಲಬೇಕು.

ಮೂರನೆಯದು ಆಂಟೆನಾಗಳ ಸಂಖ್ಯೆ, ಎತ್ತರ ಮತ್ತು ದಿಕ್ಕು. ಎದುರಿನ ಕಟ್ಟಡಕ್ಕೆ ಇರುವ ದೂರವೆಷ್ಟು, ಮುಂದೆ ಇನ್ನಷ್ಟು ಆಂಟೆನಾಗಳನ್ನು ಸೇರಿಸುವ ಯೋಜನೆ ಇದೆಯೇ ಎಂದು ಲಿಖಿತವಾಗಿ ಕೇಳಬೇಕು. ಗೋಪುರವನ್ನು ಪೂರ್ಣವಾಗಿ ವಿರೋಧಿಸುವ ಬದಲು ಆಂಟೆನಾದ ದಿಕ್ಕನ್ನೋ ಎತ್ತರವನ್ನೋ ಬದಲಿಸಿದರೆ ಸಮಸ್ಯೆ ಬಗೆಹರಿಯುವ ಸಂದರ್ಭಗಳೂ ಉಂಟು.

ನಾಲ್ಕನೆಯದು ಶಬ್ದ ಮತ್ತು ಹೊಗೆ. ವಿದ್ಯುತ್ ಕಡಿತವಾದಾಗ ಓಡುವ ಡೀಸೆಲ್ ಜನರೇಟರಿನಿಂದ ಪಕ್ಕದ ಮನೆಯ ರೋಗಿಗಳಿಗೂ ಓದುವ ಮಕ್ಕಳಿಗೂ ತೊಂದರೆಯಾಗಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ಇದನ್ನು ಮೀರಿದರೆ ದೂರು ನೀಡಬಹುದು.

ಆಕ್ಷೇಪಣೆಯ ಸಮಯ

ದೂರಸಂಪರ್ಕ ಮಾರ್ಗದ ಹಕ್ಕಿಗೆ ಸಂಬಂಧಿಸಿದ 2024ರ ಕೇಂದ್ರ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದವು. ಸಾರ್ವಜನಿಕ ಸ್ವತ್ತಿಗೆ ಸಂಬಂಧಿಸಿದ ಅರ್ಜಿಯನ್ನು ನಿಗದಿತ ಅವಧಿಯಲ್ಲಿ ತೀರ್ಮಾನಿಸದಿದ್ದರೆ ಅನುಮತಿ ದೊರೆತಂತೆಯೇ ಎಂದು ಭಾವಿಸಲಾಗುತ್ತದೆ. ಆದುದರಿಂದ ಉದ್ಯಾನ ಅಥವಾ ರಸ್ತೆಬದಿಯ ಜಾಗದಲ್ಲಿ ಗೋಪುರದ ಪ್ರಸ್ತಾಪವಿದ್ದರೆ ನಿವಾಸಿಗಳು ಕಾಲಹರಣ ಮಾಡುವಂತಿಲ್ಲ. ಸ್ಥಳೀಯ ಸಂಸ್ಥೆಯಿಂದ ದಾಖಲೆಗಳ ಪ್ರತಿ ಪಡೆಯಲು 2005ರ ಮಾಹಿತಿ ಹಕ್ಕು ಅಧಿನಿಯಮ ನೆರವಾಗುತ್ತದೆ. ಗೋಪುರ ಎದ್ದುನಿಂತ ಮೇಲೆ ಅದನ್ನು ತೆಗೆಸುವುದಕ್ಕಿಂತ ಪ್ರಸ್ತಾಪದ ಹಂತದಲ್ಲಿಯೇ ಬದಲಾವಣೆ ಮಾಡಿಸುವುದು ಸುಲಭ.

ಗೋಪುರಕ್ಕೆ ಜಾಗ ಕೊಡಲಿಚ್ಛಿಸುವವರೂ ಎಚ್ಚರದಿಂದಿರಬೇಕು. ದೊಡ್ಡ ಬಾಡಿಗೆಯ ಆಸೆ ತೋರಿಸಿ, ಸರಕಾರದ ಹೆಸರಿನಲ್ಲಿ ನೋಂದಣಿ ಶುಲ್ಕವೆಂದೋ ತೆರಿಗೆಯೆಂದೋ ಮುಂಗಡ ಹಣ ಕೇಳುವ ವಂಚಕರಿದ್ದಾರೆ. ಗೋಪುರಕ್ಕಾಗಿ ಜಾಗವನ್ನು ಗುತ್ತಿಗೆ ನೀಡಲು ದೂರಸಂಪರ್ಕ ಇಲಾಖೆಯಾಗಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾಗಲಿ ಯಾವುದೇ ಶುಲ್ಕ ವಸೂಲು ಮಾಡುವುದಿಲ್ಲ.

ನಡುರಾತ್ರಿಯಲ್ಲಿ ಆಂಬುಲೆನ್ಸ್ ಕರೆಯಬೇಕಾದ ವೃದ್ಧರಿಗೆ ಸಂಕೇತ ಬೇಕು. ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಮಲಗುವ ಮಗುವಿಗೆ ಸುರಕ್ಷಿತ ಛಾವಣಿ ಬೇಕು. ಇವೆರಡೂ ನ್ಯಾಯವಾದ ಬೇಡಿಕೆಗಳೇ. ಕೇಳಿದ ದಾಖಲೆಯನ್ನು ಸಂಸ್ಥೆಗಳು ಮರೆಮಾಚದೆ ತೋರಿಸಿದರೆ, ನಿವಾಸಿಗಳು ಅದನ್ನು ಓದಿ, ಅಳತೆ ಮಾಡಿಸಿ ಮಾತನಾಡಿದರೆ ಎರಡನ್ನೂ ಪೂರೈಸುವ ದಾರಿ ಬಹುಪಾಲು ಸಂದರ್ಭಗಳಲ್ಲಿ ದೊರೆಯುತ್ತದೆ.